ಅಕ್ಕನ ಕೊರತೆ ಪುಸ್ತಕ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ನಾನು ಗಣಿತದ ಮೇಷ್ಟ್ರು. ವರ್ಷಕ್ಕೊಮ್ಮೆ, ದೊಡ್ಡ ಪರೀಕ್ಷೆ ಮುಗಿದ ಮೇಲೆ, ಉತ್ತರಪತ್ರಿಕೆ ತಿದ್ದುವುದಕ್ಕೆಂದು ನಮ್ಮಂಥವರನ್ನು ಹದಿನೈದು ದಿನ ಬೆಟ್ಟದ ಮೇಲಿನ ಆ ಊರಿಗೆ ಅಟ್ಟುತ್ತಾರೆ. ಬೆಳಗಿನಿಂದ ಕೆಂಪು ಪೆನ್ನು ಹಿಡಿದು ಕೂತವನ ಕಣ್ಣು ಸಂಜೆ ಪೆನ್ನು ಕೆಳಗಿಟ್ಟ ಮೇಲೂ ಸುಮ್ಮನಿರುವುದಿಲ್ಲ. ಚಹಾದಲ್ಲಿ ತಪ್ಪು, ಹಾಸಿಗೆಯಲ್ಲಿ ತಪ್ಪು, ಎದುರಿಗೆ ಬಂದವರ ನಡಿಗೆಯಲ್ಲಿ ತಪ್ಪು. ನನ್ನ ಹೆಂಡತಿ ಇದನ್ನು ರೋಗ ಅನ್ನುತ್ತಾಳೆ. ನಾನು ಶಿಸ್ತು ಅಂದುಕೊಂಡಿದ್ದೆ, ಈ ವರ್ಷದವರೆಗೆ.

ಹೊರಗಿನಿಂದ ಬಂದು ಆಳಿದವರು ಕೆಳಗಿನ ಸೆಖೆ ತಡೆಯಲಾರದೆ ಬೆಟ್ಟ ಹತ್ತಿ ಕಟ್ಟಿಕೊಂಡ ಊರು ಅದು. ಅವರು ಗಂಟುಮೂಟೆ ಕಟ್ಟಿ ಹೋದರು. ಕಲ್ಲಿನ ಕೋರ್ಟು, ಕಲ್ಲಿನ ಅಂಚೆ ಕಚೇರಿ, ನಾಲ್ಕು ಮುಖದ ಗಡಿಯಾರ ಗೋಪುರ ಉಳಿದವು. ಗೋಪುರದ ನಾಲ್ಕು ಮುಖಗಳೂ ನಾಲ್ಕು ಬೇರೆ ಬೇರೆ ಹೊತ್ತು ತೋರಿಸುತ್ತವೆ. ಯಾವ ಬೀದಿಯವರಿಗೆ ಯಾವ ಮುಖ ಕಾಣುತ್ತದೋ ಅವರಿಗೆ ಅದೇ ಹೊತ್ತು. ಮೊದಲ ವರ್ಷ ನಾನು ಈ ಬಗ್ಗೆ ಪುರಸಭೆಗೆ ಒಂದು ಕಾಗದ ಬರೆದೆ. ಉತ್ತರ ಇನ್ನೂ ಬರಬೇಕಾಗಿದೆ.

ಅಂಚೆ ಕಚೇರಿಯ ಹಿಂದಿನ ಇಳಿಜಾರಿನಲ್ಲಿ ಏಳು ಕೋಣೆಗಳ ಒಂದು ವಸತಿಗೃಹವಿದೆ. ಇಪ್ಪತ್ತೆರಡು ವರ್ಷದಿಂದ ನಾನು ಇಳಿದುಕೊಳ್ಳುವುದು ಅಲ್ಲೇ, ಮಹಡಿಯ ಮೂಲೆ ಕೋಣೆಯಲ್ಲಿ. ಅದನ್ನು ನಡೆಸುವಾಕೆ ಬಂದವರೆಲ್ಲರಿಗೂ ಅಕ್ಕ, ಆದ್ದರಿಂದ ಆಕೆಯ ಗಂಡ ಎಲ್ಲರಿಗೂ ಭಾವ. ಭಾವ ಬಡಗಿ. ಮಾತಾಡಲು ಬಾಯಿ ಇದೆ ಎನ್ನುವುದನ್ನು ಆಗಾಗ ಮರೆತುಬಿಡುವ ಮನುಷ್ಯ. ಅವರ ಪಾಲಿನದನ್ನೂ ಸೇರಿಸಿ ಅಕ್ಕನೇ ಮಾತಾಡುತ್ತಿದ್ದರು.

ಬಾಗಿಲ ಪಕ್ಕದ ಮೇಜಿನ ಮೇಲೆ ದಾರದಲ್ಲಿ ಪೆನ್ಸಿಲು ಕಟ್ಟಿದ ದಪ್ಪ ಪುಸ್ತಕವೊಂದು ಇರುತ್ತಿತ್ತು. ಬೇರೆ ಕಡೆ ಇಂಥ ಪುಸ್ತಕಗಳಲ್ಲಿ ಹೊಗಳಿಕೆ ಬರೆಸಿಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ. ಅಕ್ಕನ ರೀತಿಯೇ ಬೇರೆ. ಹೊಗಳುವುದಿದ್ದರೆ ಬಾಯಲ್ಲಿ ಹೇಳಿ, ಪುಸ್ತಕದಲ್ಲಿ ಕೊರತೆ ಬರೆಯಿರಿ ಎನ್ನುತ್ತಿದ್ದರು. ಬರೆದ ಕೊರತೆಯನ್ನು ಮಾರನೆಯ ದಿನ ಭಾವನಿಗೆ ಓದಿ ಹೇಳುವರು. ಭಾವ ಉಳಿ, ಉಜ್ಜುಗೊರಡು ತೆಗೆದುಕೊಂಡು ಹೋಗುವರು. ಕೆಲಸ ಮುಗಿದ ದಿನ ಅಕ್ಕ ಆ ಸಾಲಿನ ಮುಂದೆ ತಾರೀಖು ಹಾಕಿ, ನೀಲಿ ಶಾಯಿಯಲ್ಲಿ ದೊಡ್ಡದೊಂದು ರೈಟು ಎಳೆಯುವರು. ನಾನು ಜೀವಮಾನದಲ್ಲಿ ಲಕ್ಷಗಟ್ಟಲೆ ರೈಟು ಹಾಕಿದವನು. ಅಷ್ಟು ಪ್ರೀತಿಯಿಂದ ಒಂದನ್ನೂ ಹಾಕಿಲ್ಲ.

ಇಂಥ ಪುಸ್ತಕ ಕಂಡರೆ ನನ್ನಂಥವನ ಕೈ ಸುಮ್ಮನಿರುತ್ತದೆಯೇ? ಕಿಟಕಿಯ ಗಾಜಿನಲ್ಲಿ ನೋಡಿದರೆ ಎದುರಿನ ಬೆಟ್ಟ ಅಲುಗಾಡುತ್ತದೆ ಎಂದು ಬರೆದೆ, ಹಳೆಯ ಉಬ್ಬುತಗ್ಗಿನ ಗಾಜು ಹೋಗಿ ಹೊಸದು ಬಂತು. ನೆಲದ ಹಲಗೆಗಳ ಸಂದಿಯಿಂದ ಚಳಿ ಬರುತ್ತದೆ ಎಂದು ಬರೆದೆ, ಮುಂದಿನ ವರ್ಷದ ಹೊತ್ತಿಗೆ ಹಲಗೆಗಳೇ ಬೇರೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಹೊಗಳಿ ಬರೆದದ್ದು ಒಂದೇ ಸಲ. ಯಾವ ವರ್ಷವೋ ನೆನಪಿಲ್ಲ, ಸ್ನಾನ ಮುಗಿಸಿ ಬಂದ ಖುಷಿಯಲ್ಲಿ, ಈ ಸಲ ಬಿಸಿನೀರು ಬಹಳ ಚೆನ್ನಾಗಿದೆ ಎಂದು ಗೀಚಿದ್ದೆ. ಇದಕ್ಕೆ ರೈಟು ಹಾಕೋದು ಹೇಗೆ, ಸುಮ್ಮನೆ ಒಂದು ಸಾಲು ದಂಡ ಮಾಡಿದಿರಿ ಎಂದು ಅಕ್ಕ ಗದರಿದ್ದರು.

ಅಕ್ಕ ಆ ಮನೆಗೆ ಬಂದದ್ದು ಹದಿನೆಂಟನೆಯ ವಯಸ್ಸಿನಲ್ಲಿ, ಹಾಸಿಗೆ ಬಟ್ಟೆ ಒಗೆಯುವುದಕ್ಕೆ. ಆಗ ಮನೆಯ ಯಜಮಾನಿ ಒಬ್ಬ ಅಜ್ಜಿ. ಕಿಟಕಿಯೊಂದನ್ನು ರಿಪೇರಿ ಮಾಡಲು ಭಾವನನ್ನು ಕರೆಸಿದ್ದೂ ಆ ಅಜ್ಜಿಯೇ. ಒಂದು ಕಿಟಕಿಯ ರಿಪೇರಿ ಮೂರು ತಿಂಗಳು ನಡೆದಾಗ ಅಜ್ಜಿಗೆ ವಿಷಯ ತಿಳಿಯಿತಂತೆ, ಮದುವೆಯನ್ನೂ ತಾನೇ ನಿಂತು ಮಾಡಿಸಿದಳಂತೆ. ಮಕ್ಕಳಾಗಲಿಲ್ಲ. ಅಜ್ಜಿ ಸಾಯುವಾಗ ಮನೆಯನ್ನು ಮಗನ ಹೆಸರಿಗೆ ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಳು: ಈ ಕಟ್ಟಡ ನಿಂತಿರುವವರೆಗೆ ಇದರಲ್ಲಿ ವಾಸವಿದ್ದು ವಸತಿಗೃಹ ನಡೆಸುವ ಹಕ್ಕು ಈ ಗಂಡಹೆಂಡಿರದು.

ಆ ಒಂದು ಸಾಲನ್ನು ಅಕ್ಕ ಅಕ್ಷರಶಃ ಹಿಡಿದುಕೊಂಡರು. ಕಟ್ಟಡ ನಿಲ್ಲಬೇಕು, ಅಷ್ಟೇ. ಗೆದ್ದಲು ಕಂಡರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ವರಾಂಡದ ಕಂಬದ ಬುಡ ಮೆತ್ತಗಾದರೆ ಭಾವ ಇಡೀ ಕಂಬವನ್ನೇ ಹೊಸದಾಗಿ ಕಡೆದು ನಿಲ್ಲಿಸುತ್ತಿದ್ದರು. ಹಳೆಯದನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಅದರಲ್ಲಿದ್ದ ಪ್ರತಿಯೊಂದು ಬಳ್ಳಿ, ಪ್ರತಿಯೊಂದು ಗೆರೆಯನ್ನೂ ಹಾಗೆಯೇ ಹೊಸ ಮರಕ್ಕೆ ಇಳಿಸುತ್ತಿದ್ದರು. ಕೊನೆಗೆ ಎರಡನ್ನೂ ಒಟ್ಟಿಗೆ ಇಟ್ಟರೆ ಗುರುತು ಹಿಡಿಯಲು ಆಗುತ್ತಿರಲಿಲ್ಲ. ಬಂದವರು ಯಾರೂ ಇದನ್ನು ಗಮನಿಸುತ್ತಿರಲಿಲ್ಲ. ಗಮನಿಸಬಾರದು ಎಂದೇ ಅವರು ಮಾಡುತ್ತಿದ್ದದ್ದು.

ಈ ವರ್ಷ ನಾನು ಹೋದಾಗ ಬಾಗಿಲಲ್ಲೇ ಅಕ್ಕ ವಿಷಯ ಹೇಳಿದರು. ಅಜ್ಜಿಯ ಮಗನೂ ತೀರಿಕೊಂಡು ಮನೆ ಮೊಮ್ಮಗನ ಕೈಗೆ ಬಂದಿತ್ತು. ಮೊಮ್ಮಗ ಅದನ್ನು ಕೆಡವಿ ಒಂಬತ್ತು ಮಹಡಿಯ ಹೋಟೆಲು ಕಟ್ಟಿಸಲು ಹೊರಟಿದ್ದ. ಕಟ್ಟಡ ನಿಂತಿರುವವರೆಗೆ ತಾನೇ ಇವರ ಹಕ್ಕು? ಕಟ್ಟಡವೇ ಇಲ್ಲದಿದ್ದರೆ ಹಕ್ಕೂ ಇಲ್ಲ. ತಡೆಯುವುದಕ್ಕೆ ಉಳಿದಿದ್ದ ದಾರಿ ಒಂದೇ. ಹಳೆಯ ಕಟ್ಟಡಗಳನ್ನು ಕಾಪಾಡುವ ಕಚೇರಿಯವರು ಬಂದು ನೋಡಿ, ತಮ್ಮ ಪಟ್ಟಿಗೆ ಸೇರಿಸಿದರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅಕ್ಕ ಅರ್ಜಿ ಹಾಕಿದ್ದರು. ಗುರುವಾರ ಅಧಿಕಾರಿ ಬರುವವರಿದ್ದರು.

ನನಗೆ ಭಯವೇ ಆಗಲಿಲ್ಲ. ನೂರಿಪ್ಪತ್ತು ವರ್ಷದ ಮನೆ, ಕಂಬದಿಂದ ಮೊಳೆಯವರೆಗೆ ಅಚ್ಚುಕಟ್ಟು. ಇದನ್ನು ಸೇರಿಸದೆ ಇನ್ನು ಯಾವುದನ್ನು ಸೇರಿಸುತ್ತಾರೆ ಅಂದುಕೊಂಡು ಅಕ್ಕನಿಗೆ ದೊಡ್ಡದಾಗಿ ಧೈರ್ಯ ಹೇಳಿದೆ. ಗುರುವಾರ ಪತ್ರಿಕೆ ತಿದ್ದುವ ಕೇಂದ್ರದಲ್ಲಿ ಅರ್ಧ ದಿನ ರಜೆ ಕೇಳಿಕೊಂಡು ಬಂದು ವರಾಂಡದಲ್ಲಿ ಕೂತೆ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮುಖದಲ್ಲಿ ಒಳ್ಳೆಯತನವಿತ್ತು. ಮೊಮ್ಮಗನ ವಕೀಲನೂ ಜೊತೆಗೆ ಬಂದಿದ್ದ. ಆಕೆ ಬಂದವಳೇ ತನ್ನ ಕ್ರಮ ವಿವರಿಸಿದಳು. ಕಟ್ಟಡವನ್ನು ಹತ್ತು ಭಾಗ ಮಾಡಿ ನೋಡುತ್ತಾರೆ: ಗೋಡೆ, ಛಾವಣಿ, ಅಗ್ಗಿಷ್ಟಿಕೆ, ಅಂಗಳದ ಕಲ್ಲುಹಾಸು, ನೆಲ, ಬಾಗಿಲು, ಕಿಟಕಿ, ಕಂಬ, ಛಾವಣಿಯ ಕೆಳಗಿನ ಒಳಮಾಡಿನ ಹಲಗೆ, ಮೆಟ್ಟಿಲು. ಹತ್ತರಲ್ಲಿ ಐದಾದರೂ ಮೊದಲಿನವೇ ಆಗಿರಬೇಕು. ಅಷ್ಟಿದ್ದರೆ ಪಟ್ಟಿಗೆ ಸೇರುತ್ತದೆ.

ಆಕೆ ಒಂದೊಂದನ್ನೇ ಮುಟ್ಟಿ ನೋಡುತ್ತ ನಡೆದಳು. ಗೋಡೆಗೆ ತಲೆದೂಗಿದಳು, ಕಂಬಕ್ಕೆ ತಲೆದೂಗಿದಳು, ಬಾಗಿಲಿಗೂ ತಲೆದೂಗಿ ಏನೋ ಬರೆದುಕೊಂಡಳು. ಆಗ ನನಗೆ ಹೊಳೆಯಿತು. ಕಂಬ ಹಳೆಯದಲ್ಲ, ಬಾಗಿಲು ಹಳೆಯದಲ್ಲ, ಆಕೆಗೆ ಗೊತ್ತಾಗಿಲ್ಲ. ಹತ್ತಕ್ಕೆ ಹತ್ತೂ ಬರೆದುಕೊಳ್ಳುವ ಹಾಗೆ ಕಾಣುತ್ತಿತ್ತು. ದೇವರೇ, ಎಲ್ಲರ ಬಾಯಿಗೂ ಬೀಗ ಹಾಕು ಎಂದು ಬೇಡಿಕೊಂಡೆ. ಜೀವನದಲ್ಲಿ ಮೊದಲ ಸಲ, ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಸಿಗಲಿ ಎಂದು ನಾನು ಹಾರೈಸಿದೆ.

ಮೆಟ್ಟಿಲ ಬಳಿ ಬಂದಾಗ ಆಕೆ ನಿಂತೇಬಿಟ್ಟಳು. ಇಪ್ಪತ್ತೆರಡು ಮೆಟ್ಟಿಲು, ನಡುವೆ ಒಂದು ತಿರುವು, ಪಕ್ಕದಲ್ಲಿ ಕೈಯಿಟ್ಟು ಹತ್ತುವ ಮರದ ಕಟಾಂಜನ. ತಿರುವಿನಲ್ಲಿ ಆ ಮರ ಹಗ್ಗದಂತೆ ಬಳುಕಿ ಮೇಲಕ್ಕೆ ಹೋಗುತ್ತದೆ. ಆಕೆ ಅದರ ಮೇಲೆ ಅಂಗೈ ಇಟ್ಟು ಕೆಳಗಿನಿಂದ ಮೇಲಿನವರೆಗೆ ಸವರಿಕೊಂಡು ಹೋದಳು, ಮತ್ತೆ ಸವರಿಕೊಂಡು ಇಳಿದಳು.

“ಇಂಥ ಕೆಲಸಗಾರರು ಆ ಕಾಲಕ್ಕೇ ಮುಗಿದುಹೋದ್ರು. ಇನ್ನು ಹುಟ್ಟಲ್ಲ” ಅಂದಳು.

ಭಾವ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಎರಡು ವರ್ಷದಿಂದ ಅವರ ಬಲಗೈ ನಡುಗುತ್ತದೆ, ಅದನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ನಾನು ಅಕ್ಕನ ಮುಖ ನೋಡಿದೆ, ಕೆಮ್ಮಿದೆ, ಮತ್ತೆ ಕೆಮ್ಮಿದೆ. ಅಕ್ಕ ನನ್ನ ಕಡೆ ತಿರುಗಲೇ ಇಲ್ಲ.

“ಹುಟ್ಟಿದ್ದಾರೆ ಮೇಡಂ, ಇಲ್ಲೇ ನಿಂತಿದ್ದಾರೆ” ಅಂದರು. “ಅದು ನಮ್ಮವ್ರು ಮಾಡಿದ್ದು.”

ಅಧಿಕಾರಿ ನಕ್ಕಳು. ನಂಬದ ನಗು ಅದು, ವಯಸ್ಸಾದವರು ಏನೋ ಹೇಳುತ್ತಿದ್ದಾರೆ ಎಂಬ ನಗು. ಆ ನಗು ಅಕ್ಕನನ್ನು ಎಲ್ಲಿ ಚುಚ್ಚಿತೋ ತಿಳಿಯದು. ಸರಸರನೆ ಒಳಗೆ ಹೋಗಿ ಪುಸ್ತಕ ತಂದರು. ಒಂದಲ್ಲ, ನಾಲ್ಕು. ಮೇಜಿನ ಮೇಲೆ ಹರಡಿ, ಬೆರಳಿಟ್ಟು ತೋರಿಸತೊಡಗಿದರು. ಇದು ಕಿಟಕಿ ಮಾಡಿದ ವರ್ಷ, ನೋಡಿ ತಾರೀಖು. ಇದು ಬಾಗಿಲು, ನೋಡಿ. ಇದು ಕಂಬ, ಮಳೆಗಾಲದಲ್ಲಿ ಮಾಡಿದ್ದು, ಮೈಯೆಲ್ಲ ಜ್ವರ ಇದ್ದರೂ ಬಿಡಲಿಲ್ಲ. ಮೂವತ್ತು ವರ್ಷ ಗಂಡ ಪಟ್ಟ ಪಾಡನ್ನು ಕೇಳುವವರು ಅವರಿಗೆ ಆ ದಿನ ಮೊದಲ ಬಾರಿಗೆ ಸಿಕ್ಕಿದ್ದರು. ಅಕ್ಕನ ಮುಖ ಮದುವೆ ಹುಡುಗಿಯ ಹಾಗೆ ಕೆಂಪೇರಿತ್ತು. ಹಿಂದೆ ನಿಂತ ವಕೀಲ ಒಂದು ಮಾತೂ ಆಡದೆ ಪುಟ ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ.

ಅಧಿಕಾರಿಯ ನಗು ಯಾವಾಗ ಆರಿತೋ ನಾನು ನೋಡಲಿಲ್ಲ. ಆಕೆ ಪೆನ್ನು ತೆಗೆದು ತಾನು ಬರೆದುಕೊಂಡದ್ದನ್ನು ಒಂದೊಂದಾಗಿ ಹೊಡೆದುಹಾಕಿದಳು. ನೆಲ, ಬಾಗಿಲು, ಕಿಟಕಿ, ಕಂಬ, ಒಳಮಾಡು, ಮೆಟ್ಟಿಲು. ಉಳಿದದ್ದು ನಾಲ್ಕು.

“ಅಮ್ಮ, ನಾಲ್ಕೇ ಆಯ್ತು” ಅಂದಳು. ಅವಳ ದನಿ ಸಣ್ಣದಾಗಿತ್ತು. “ಮೆಟ್ಟಿಲೊಂದು ಹಳೇದಿದ್ದಿದ್ರೆ ಸಾಕಿತ್ತು.”

ಅಕ್ಕನಿಗೆ ತಾನು ಏನು ಮಾಡಿದೆನೆಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತರು. ನಾನು ಮುಂದೆ ಬಂದು, ಮೊದಲು ಬರೆದಿದ್ದಂತೆಯೇ ಇರಲಿ ಬಿಡಮ್ಮ, ನಿನ್ನ ಕಣ್ಣಿಗೇ ವ್ಯತ್ಯಾಸ ಕಾಣಲಿಲ್ಲವಲ್ಲ ಎಂದು ಅಧಿಕಾರಿಯ ಮೇಲೆ ಹರಿಹಾಯ್ದೆ. ಆಕೆ ನನ್ನನ್ನು ನೋಡಲಿಲ್ಲ, ವಕೀಲನ ಕೈಯಲ್ಲಿದ್ದ ಮೊಬೈಲನ್ನು ನೋಡಿದಳು. ಆಮೇಲೆ ಏನೋ ನೆನಪಾದವಳಂತೆ, ಉಳಿದವು ಹಾಳಾಗಿ ಹೋಗಿರಬಹುದು, ಗಟ್ಟಿಯಿದ್ದಾಗಲೇ ಬಿಚ್ಚಿದ ಮೆಟ್ಟಿಲಿನ ಹಳೆಯ ಹಲಗೆಗಳು ಎಲ್ಲಾದರೂ ಇವೆಯೇ ಎಂದು ಕೇಳಿದಳು. ಮೊದಲಿನ ಮರವೇ ಸಿಕ್ಕಿದರೆ ಮತ್ತೆ ಜೋಡಿಸಬಹುದು, ಅದನ್ನು ಹಳೆಯದೆಂದೇ ಲೆಕ್ಕ ಹಿಡಿಯಲು ನಿಯಮದಲ್ಲಿ ಅವಕಾಶವಿದೆ. ವರದಿ ಕಳಿಸಲು ಏಳು ದಿನವಿದೆ.

ಅಕ್ಕ ಭಾವನ ಮುಖ ನೋಡಿದರು, ಭಾವ ನೆಲ ನೋಡಿದರು. “ಇಲ್ಲ ಮೇಡಂ, ಅದು ಹೋಯ್ತು” ಅಂದರು ಅಕ್ಕ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ನನ್ನನ್ನು ಕೇಳಿದರು. “ನಾನು ತಪ್ಪು ಮಾಡಿದ್ನಾ ಮೇಷ್ಟ್ರೇ? ಗುರುತು ಸಿಗಬಾರದು ಅಂತಲೇ ಇವರು ಮಾಡಿದ್ದು. ಗುರುತು ಸಿಗಲಿಲ್ಲ ಅಂತ ಆಗ ನನಗೆ ಹೊಟ್ಟೆ ಉರೀತು. ಇವರ ಎದುರಿಗೇ ಇವರ ಕೆಲಸನ ಇನ್ಯಾರದೋ ಅಂದ್ರೆ ಹೆಂಗೆ ಕೇಳ್ಕೊಂಡು ನಿಲ್ಲೋದು?”

ತಪ್ಪು, ಸರಿ ಎಂದು ಹೇಳುವುದಕ್ಕೇ ಸಂಬಳ ತೆಗೆದುಕೊಳ್ಳುವವನು ನಾನು. ಆದರೆ ಅಕ್ಕನ ತಪ್ಪಿಗಿಂತ ದೊಡ್ಡ ತಪ್ಪೊಂದು ನನ್ನ ಲೆಕ್ಕದಲ್ಲೇ ಇತ್ತು. ಮಧ್ಯಾಹ್ನ ಅವರು ಪುಟ ತಿರುವುವಾಗ ನಾನು ನೋಡಿದ್ದೆ. ಹದಿನಾಲ್ಕು ವರ್ಷದ ಹಿಂದೆ, ನನ್ನದೇ ಅಕ್ಷರದಲ್ಲಿ: ಮೆಟ್ಟಿಲು ಕಿರುಗುಟ್ಟುತ್ತದೆ, ಓದುವವರಿಗೆ ತೊಂದರೆ. ಪಕ್ಕದಲ್ಲಿ ತಾರೀಖು, ನೀಲಿ ರೈಟು. ನೂರು ವರ್ಷ ಹತ್ತಿ ಇಳಿದವರು ಯಾರೂ ಆ ಮೆಟ್ಟಿಲ ಮೇಲೆ ದೂರು ಹೇಳಿರಲಿಲ್ಲ. ಕೆಂಪು ಪೆನ್ನಿನ ನಾನೊಬ್ಬ ಬರಬೇಕಾಯಿತು. ಆ ಸಂಜೆ ನನ್ನ ಮೇಲೆ ನನಗೇ ಎಂಥ ಹೇಸಿಗೆಯಾಯಿತೆಂದರೆ, ಮೇಲಿನ ಕೋಣೆಗೆ ಹೋಗಲು ಆ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಈಗ ಅದು ಒಂದಿಷ್ಟೂ ಸದ್ದು ಮಾಡುವುದಿಲ್ಲ.

ಮಾರನೆಯ ದಿನದಿಂದ ನಾನು ಹುಡುಕಲು ಶುರು ಮಾಡಿದೆ. ಹೋಯ್ತು ಅಂದರೆ ಮಾರಿರಬೇಕು ಎಂಬುದು ನನ್ನ ಲೆಕ್ಕ. ಊರ ಕೆಳಗಿನ ಬೀದಿಯಲ್ಲಿ ಹಳೆಯ ಮರದ ಅಂಗಡಿಗಳಿವೆ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ತೊಲೆಗಳನ್ನೆಲ್ಲ ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಪತ್ರಿಕೆ ತಿದ್ದುವ ಕೆಲಸ ಮುಗಿದ ಕೂಡಲೇ ಓಡುತ್ತಿದ್ದೆ. ಒಂದೊಂದು ಅಂಗಡಿಯಲ್ಲೂ ಹಲಗೆಗಳನ್ನು ಎತ್ತಿಸಿ, ಅಳೆದು, ಸವೆದ ಗುರುತು ನೋಡುತ್ತಿದ್ದೆ. ಅಂಗಡಿಯವರು ನನಗೆ ತಲೆ ಕೆಟ್ಟಿದೆ ಅಂದುಕೊಂಡರು. ಒಬ್ಬನಂತೂ, ನಿಮಗೆ ಮೆಟ್ಟಿಲು ಬೇಕೋ ಇಲ್ಲ ಆ ಮೆಟ್ಟಿಲೇ ಬೇಕೋ ಎಂದು ಕೇಳಿದ. ಆ ಮೆಟ್ಟಿಲೇ ಬೇಕು ಅಂದೆ. ಅವನು ಒಳಗೆ ಹೋಗಿ ಮತ್ತೆ ಹೊರಗೆ ಬರಲಿಲ್ಲ.

ಭಾನುವಾರ ಇಡೀ ದಿನ ಅಲೆದೆ. ಹೊಸ ಬಡಾವಣೆಯ ಬಳಿ ಒಂದು ಗೋದಾಮಿನಲ್ಲಿ ಅದೇ ಅಗಲದ ಹನ್ನೊಂದು ಹಲಗೆಗಳು ಸಿಕ್ಕಿದವು. ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ಭಾವನಿಗೆ ತೋರಿಸಲು ತಂದೆ. ಭಾವ ಅದನ್ನು ತಿರುವಿ ತಿರುವಿ ನೋಡಿ, ಉಗುರಿನಿಂದ ಕೆರೆದು, ಮೂಸಿ, ತಲೆ ಅಲ್ಲಾಡಿಸಿ ಹಿಂದಕ್ಕೆ ಕೊಟ್ಟರು. ಆಗ ಅವರು ಏನೋ ಹೇಳಲು ಬಾಯಿ ತೆರೆದದ್ದು ನೆನಪಿದೆ. ಅಕ್ಕ ಒಳಗಿನಿಂದ ರೀ ಎಂದು ಕರೆದರು. ಭಾವ ಎದ್ದು ಹೋದರು.

ಬುಧವಾರ ನನ್ನ ಕೊನೆಯ ದಿನ, ಏಳು ದಿನದ ಗಡುವಿಗೂ ಅದೇ ಕೊನೆ. ಬೆಳಿಗ್ಗೆ ಹೊರಡುವ ಮುಂಚೆ ಇನ್ನೆರಡು ಅಂಗಡಿ ನೋಡಿಬರೋಣವೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಮನೆಯೊಳಗೆ ಆಗಲೇ ಅರ್ಧ ಸಾಮಾನು ಪೆಟ್ಟಿಗೆಗಳಲ್ಲಿತ್ತು. ಕೆಳಗಿನ ಬೀದಿಯಲ್ಲಿ ಒಂದು ಕೋಣೆ ಗೊತ್ತು ಮಾಡಿಕೊಂಡಿದ್ದರು. ಭಾವನ ಉಳಿಗಳನ್ನು ಅಕ್ಕ ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಆ ಕೋಣೆಯಲ್ಲಿ ಅವಕ್ಕೆ ಕೆಲಸವಿರಲಿಲ್ಲ, ಆ ಕೈಗೂ ಇನ್ನು ಅವನ್ನು ಹಿಡಿಯಲು ಆಗುತ್ತಿರಲಿಲ್ಲ. ಆದರೂ ಸುತ್ತುತ್ತಿದ್ದರು.

ನಾನು ಇನ್ನು ತಡೆಯಲಾರದೆ ಹೇಳಿಬಿಟ್ಟೆ. ಮೆಟ್ಟಿಲ ಮೇಲೆ ದೂರು ಬರೆದವನು ನಾನೇ ಎಂದೆ, ಅದಕ್ಕೇ ಹುಡುಕುತ್ತಿದ್ದೇನೆ ಎಂದೆ. ಯಾರಿಗೆ ಮಾರಿದಿರಿ ಅಷ್ಟು ಹೇಳಿ, ಅವರ ಕೈಕಾಲು ಹಿಡಿದಾದರೂ ತರುತ್ತೇನೆ ಎಂದೆ.

ಅಕ್ಕ ಸುತ್ತುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಅಕ್ಷರ ನನಗೆ ಗೊತ್ತಿಲ್ವಾ ಮೇಷ್ಟ್ರೇ” ಅಂದರು. “ಅವತ್ತೇ ಗೊತ್ತು. ನಿಮಗೆ ಹೇಳಬಾರದು ಅಂತಿದ್ದೆ. ಐದು ದಿನದಿಂದ ಬಿಸಿಲಲ್ಲಿ ಅಲೀತಿದ್ದೀರಿ, ನೋಡೋಕಾಗ್ತಿಲ್ಲ. ಇನ್ನು ಹುಡುಕಬೇಡಿ.”

ಎದ್ದು ಹೋಗಿ ಪೆಟ್ಟಿಗೆಯೊಳಗಿಂದ ಎರಡನೆಯ ಪುಸ್ತಕ ತೆಗೆದು, ಒಂದು ಪುಟ ಬಿಡಿಸಿ ನನ್ನ ಮುಂದೆ ಇಟ್ಟರು. ಮೆಟ್ಟಿಲ ದೂರಿನ ಮರುವರ್ಷದ ಪುಟ. ನನ್ನದೇ ಅಕ್ಷರ. ಈ ಸಲ ಬಿಸಿನೀರು ಬಹಳ ಚೆನ್ನಾಗಿದೆ. ಮುಂದೆ ರೈಟು ಇಲ್ಲ.

ನನಗೆ ಅರ್ಥವಾಗಲಿಲ್ಲ. ಹಿತ್ತಲಿನ ಕಡೆಯಿಂದ ಬಂದ ಭಾವ ಬಾಗಿಲಲ್ಲಿ ನಿಂತಿದ್ದರು. ಹಿತ್ತಲಿನಲ್ಲಿ ನೀರು ಕಾಯಿಸುವ ಬಾಯ್ಲರು ಇದೆ, ಅದಕ್ಕೆ ಹಾಕುವುದು ಸೌದೆ. ಆ ವರ್ಷ ನಾನು ಬರುವ ಮುಂಚೆ ವಾರವಿಡೀ ಮಳೆ ಹೊಡೆದಿತ್ತಂತೆ, ಒಣ ಸೌದೆ ಒಂದು ಕಡ್ಡಿಯೂ ಇರಲಿಲ್ಲವಂತೆ. ಮೇಷ್ಟ್ರಿಗೆ ತಣ್ಣೀರು ಕೊಟ್ಟರೆ ಪುಸ್ತಕದಲ್ಲಿ ಬರೆಯುತ್ತಾರೆ ಎಂದು ಅಕ್ಕ ಪೇಚಾಡುತ್ತಿದ್ದರಂತೆ. ಹಳೆಯ ಮೆಟ್ಟಿಲಿನ ಹಲಗೆಗಳು ಹಿತ್ತಲ ಗೋಡೆಗೆ ಒರಗಿಕೊಂಡು ಒಣಗಿ ನಿಂತಿದ್ದವಂತೆ. ಇಷ್ಟನ್ನೂ ಅಕ್ಕ ಹೇಳಿದರು.

“ನೂರು ವರ್ಷ ಒಣಗಿದ ಮರ” ಅಂದರು ಭಾವ. ಅವರಿಂದ ಇಷ್ಟು ಮಾತು ನಾನು ಕೇಳಿದ್ದು ಅಪರೂಪ. “ಹೊಗೇನೇ ಬರಲಿಲ್ಲ ಮೇಷ್ಟ್ರೇ. ಹದಿನೈದು ದಿನಕ್ಕೆ ಸರಿಹೋಯ್ತು.”

ನಾನು ಚಪ್ಪಲಿ ಬಿಚ್ಚಿ ಕೂತೆ. ಅಕ್ಕ ಪುಸ್ತಕ ಮುಚ್ಚಿ ಪೆಟ್ಟಿಗೆಗೆ ಹಾಕಿದರು. ಆಮೇಲೆ, ಬಸ್ಸಿಗೆ ಇನ್ನೂ ಹೊತ್ತಿದೆ, ನೀರು ಕಾದಿದೆ, ಸ್ನಾನ ಮಾಡಿಕೊಂಡು ಹೋಗಿ ಅಂದರು.